ಸ್ಕ್ಯಾನ್‌ಗೆ ಸಿಗದ ಪೆಟ್ಟು

2020ರ ಡಿಸೆಂಬರ್ 4, ಕ್ಯಾನ್‌ಬೆರಾ. ಟಿ20 ಪಂದ್ಯದಲ್ಲಿ ಭಾರತದ ಇನಿಂಗ್ಸ್‌ನ ಕೊನೆಯ ಓವರ್. ಮಿಚೆಲ್ ಸ್ಟಾರ್ಕ್ ಎಸೆದ ಚೆಂಡು ರವೀಂದ್ರ ಜಡೇಜಾ ಅವರ ಬ್ಯಾಟಿನ ಅಂಚಿಗೆ ತಾಗಿ ಹೆಲ್ಮೆಟ್ಟಿಗೆ ಬಡಿಯಿತು. ಜಡೇಜಾ ಕುಸಿದು ಬೀಳಲಿಲ್ಲ. ಫಿಸಿಯೊ ಮೈದಾನಕ್ಕೆ ಓಡಿಬರಲಿಲ್ಲ. ಉಳಿದ ಎಸೆತಗಳನ್ನೂ ಆಡಿ, ಇನ್ನಷ್ಟು ರನ್ ಸೇರಿಸಿ, 44ಕ್ಕೆ ಅಜೇಯರಾಗಿ ಅವರು ಒಳಗೆ ನಡೆದರು. ಆಸ್ಟ್ರೇಲಿಯಾ ಬ್ಯಾಟಿಂಗ್ ಶುರು ಮಾಡುವ ಹೊತ್ತಿಗೆ ಅವರ ಜಾಗಕ್ಕೆ ಯಜುವೇಂದ್ರ ಚಹಲ್ ಬಂದಿದ್ದರು. ಡ್ರೆಸಿಂಗ್ ರೂಮಿನಲ್ಲಿ ಜಡೇಜಾಗೆ ತಲೆ ಸುತ್ತುತ್ತಿದೆ, ಕನ್ಕಷನ್ ಆಗಿದೆ, ಅಂದರೆ ಪೆಟ್ಟಿಗೆ ಮಿದುಳು ಅಲುಗಿದೆ ಎಂಬುದು ಭಾರತ ತಂಡ ಕೊಟ್ಟ ಕಾರಣ. ಆಸ್ಟ್ರೇಲಿಯಾದ ಕೋಚ್ ಜಸ್ಟಿನ್ ಲ್ಯಾಂಗರ್ ಮ್ಯಾಚ್ ರೆಫರಿ ಡೇವಿಡ್ ಬೂನ್ ಜತೆ ಬಿಸಿಬಿಸಿಯಾಗಿ ವಾದಿಸುತ್ತಿದ್ದುದನ್ನು ಟಿವಿಯಲ್ಲಿ ಎಲ್ಲರೂ ನೋಡಿದರು. ಚಹಲ್ 25 ರನ್ನಿಗೆ 3 ವಿಕೆಟ್ ಕಿತ್ತು ಪಂದ್ಯಶ್ರೇಷ್ಠರಾದರು. ಆಗ ಅವರು ಆರ್‌ಸಿಬಿ ಆಟಗಾರ, ಹಾಗಾಗಿ ಬೆಂಗಳೂರಿನಲ್ಲಿ ಯಾರಿಗೂ ಇದರಲ್ಲಿ ತಪ್ಪು ಕಾಣಲಿಲ್ಲವೆನ್ನಿ.

ಅನುಮಾನಪಟ್ಟವರಿಗೂ ಕಾರಣವಿತ್ತು. ಅದೇ ಇನಿಂಗ್ಸ್‌ನಲ್ಲಿ ಜಡೇಜಾ ತೊಡೆಯ ಸ್ನಾಯು ಹಿಡಿದುಕೊಂಡು ಕುಂಟಿದ್ದರು. ಕಾಲುನೋವಿನವನನ್ನು ತಲೆನೋವಿನ ಲೆಕ್ಕದಲ್ಲಿ ಬದಲಾಯಿಸಿದರೇ ಎಂಬ ಪ್ರಶ್ನೆ ಕ್ರಿಕೆಟ್ಟಿಗೆ ಸೇರಿದ್ದು, ಅದನ್ನು ಕ್ರಿಕೆಟ್ಟಿನವರಿಗೇ ಬಿಡೋಣ. ಆದರೆ ಆ ದಿನ ಹೆಚ್ಚು ಕೇಳಿಬಂದ ಆಕ್ಷೇಪ ಬೇರೆ: ‘ನಿಜವಾಗಿ ತಲೆಗೆ ಪೆಟ್ಟಾಗಿದ್ದರೆ ಅಲ್ಲೇ ಬಿದ್ದುಬಿಡಬೇಕಿತ್ತಲ್ಲ? ನಿಂತು ಬ್ಯಾಟ್ ಬೀಸಿದವನಿಗೆ ಏನಾಗಿರುತ್ತದೆ?’ ಇದು ವೈದ್ಯಕೀಯದ ಮಾತು, ಮತ್ತು ತಪ್ಪು ಮಾತು. ಕನ್ಕಷನ್ ಆದ ಹತ್ತು ಜನರಲ್ಲಿ ಸುಮಾರು ಒಂಬತ್ತು ಮಂದಿ ಪ್ರಜ್ಞೆ ತಪ್ಪುವುದೇ ಇಲ್ಲ. ನಿಂತಿರುತ್ತಾರೆ, ಮಾತಾಡುತ್ತಾರೆ, ‘ಏನಿಲ್ಲ, ಏನಿಲ್ಲ’ ಎನ್ನುತ್ತಾರೆ.

ಕನ್ಕಷನ್ ಆದವರ ಜಾಗಕ್ಕೆ ಬದಲಿ ಆಟಗಾರ ಬರಬಹುದೆಂಬ ಈ ನಿಯಮವನ್ನು ಐಸಿಸಿ ತಂದದ್ದು 2019ರ ಆಗಸ್ಟ್ 1ರಂದು. ಮೂರೇ ವಾರದೊಳಗೆ ಅದು ಬಳಕೆಗೆ ಬಂತು. ಲಾರ್ಡ್ಸ್ ಟೆಸ್ಟ್‌ನಲ್ಲಿ ಜೋಫ್ರಾ ಆರ್ಚರ್ ಎಸೆತ ಸ್ಟೀವ್ ಸ್ಮಿತ್ ಅವರ ಕಿವಿಯ ಕೆಳಗೆ, ಕುತ್ತಿಗೆಗೆ ಬಡಿಯಿತು. ಅವರು ಆಗ 80ರಲ್ಲಿದ್ದರು. ಒಳಗೆ ಕರೆದೊಯ್ದು ಪರೀಕ್ಷೆ ಮಾಡಿದರು, ಸ್ಮಿತ್ ಪಾಸಾದರು, ಮತ್ತೆ ಬಂದು 92ರವರೆಗೆ ಆಡಿದರು. ಮರುದಿನ ಬೆಳಗ್ಗೆ ಎದ್ದಾಗ ತಲೆನೋವು, ಮಂಪರು. ಮತ್ತೆ ಪರೀಕ್ಷಿಸಿದಾಗ ಫಲಿತಾಂಶ ಕೆಟ್ಟಿತ್ತು. ಅವರ ಬದಲಿಗೆ ಬಂದ ಮಾರ್ನಸ್ ಲಬುಶೇನ್ ಟೆಸ್ಟ್ ಚರಿತ್ರೆಯ ಮೊದಲ ಕನ್ಕಷನ್ ಬದಲಿ ಆಟಗಾರ. ಪೆಟ್ಟು ಮಧ್ಯಾಹ್ನದ್ದು, ಲಕ್ಷಣ ಮರುದಿನದ್ದು. ನಡುವಿನ ರಾತ್ರಿ ಸ್ಮಿತ್ ತಲೆಯೊಳಗೆ ಏನು ನಡೆಯುತ್ತಿತ್ತು?

ಕನ್ಕಷನ್ ಎಂಬುದಕ್ಕೆ ಮೂಲವಾದ ಲ್ಯಾಟಿನ್ ಮಾತಿನ ಅರ್ಥ ಜೋರಾಗಿ ಅಲುಗಾಡಿಸುವುದು, ಅಷ್ಟೇ. ಅದರಲ್ಲಿ ರಕ್ತವಿಲ್ಲ, ಮುರಿದ ಮೂಳೆಯಿಲ್ಲ. ಒಡೆದ ತಲೆ ಬೇರೆ, ಅಲುಗಿದ ಮಿದುಳು ಬೇರೆ ಎಂಬ ತಿಳಿವಳಿಕೆ ಹಳೆಯದು. ಪರ್ಷಿಯಾದ ವೈದ್ಯ ಅಲ್-ರಾಜಿ ಸುಮಾರು ಸಾವಿರದ ನೂರು ವರ್ಷಗಳ ಹಿಂದೆಯೇ ಇದನ್ನು ಗಾಯವಿಲ್ಲದ, ಸ್ವಲ್ಪ ಹೊತ್ತಿನ ಕೆಟ್ಟ ಸ್ಥಿತಿ ಎಂದು ಬೇರೆ ಮಾಡಿ ನೋಡಿದ್ದ. ಹದಿಮೂರನೆಯ ಶತಮಾನದಲ್ಲಿ ಮಿಲಾನಿನ ಲ್ಯಾನ್‌ಫ್ರಾಂಕ್ ಎಂಬ ಶಸ್ತ್ರವೈದ್ಯ ಅದೇ ಮಾತನ್ನು ಯುರೋಪಿನಲ್ಲಿ ಹೇಳಿದ. ಬುರುಡೆ ಬಿರಿಯದಿದ್ದರೂ ಮನುಷ್ಯ ಮಂಕಾಗಬಲ್ಲ, ಆಮೇಲೆ ಸರಿಹೋಗಬಲ್ಲ.

1705ರಲ್ಲಿ ಪ್ಯಾರಿಸ್ಸಿನ ಅಂಗರಚನಾ ತಜ್ಞ ಅಲೆಕ್ಸಿ ಲಿತ್ರೆ ಒಂದು ವಿಚಿತ್ರ ಪ್ರಕರಣ ವರದಿ ಮಾಡಿದ. ಸೆರೆಯಲ್ಲಿದ್ದ ಕೈದಿಯೊಬ್ಬ ಓಡಿಬಂದು ಗೋಡೆಗೆ ತಲೆ ಗುದ್ದಿಕೊಂಡು ಅಲ್ಲೇ ಸತ್ತ. ಲಿತ್ರೆ ಕೊಯ್ದು ನೋಡಿದರೆ ಬುರುಡೆ ಒಡೆದಿರಲಿಲ್ಲ, ಸಾವಿಗೆ ತಕ್ಕ ಗಾಯ ಒಳಗೆಲ್ಲೂ ಸಿಗಲಿಲ್ಲ. ಇಂದಿನ ಶವಪರೀಕ್ಷಕರ ಕೈಗೆ ಸಿಕ್ಕಿದ್ದರೆ ಅವರು ಕುತ್ತಿಗೆಯ ಮೇಲ್ಭಾಗವನ್ನೂ ಬಿಚ್ಚಿ ನೋಡುತ್ತಿದ್ದರೇನೋ. ಅದೇನೇ ಇರಲಿ, ಆ ವರದಿ ಬಿಟ್ಟುಹೋದ ಒಗಟು ಮಾತ್ರ ವೈದ್ಯರನ್ನು ಎರಡು ಶತಮಾನ ಕಾಡಿತು. ಕಣ್ಣಿಗೆ ಏನೂ ಕಾಣದಿದ್ದರೆ ಕೆಟ್ಟದ್ದು ಯಾವುದು?

ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಿದುಳಿನ ಮ್ಯೂಸಿಯಂ ಇದೆ. ನಿಜವಾದ ಮನುಷ್ಯ ಮಿದುಳನ್ನು ಅಲ್ಲಿ ಹತ್ತಿರದಿಂದ ನೋಡಬಹುದು, ಮುಟ್ಟಬಹುದು. ಹೋಗಿ ಬಂದವರೆಲ್ಲ ಹೇಳುವುದು ಅದರ ಭಾರದ ಬಗ್ಗೆ, ಗಟ್ಟಿತನದ ಬಗ್ಗೆ. ಭಾರ ನಿಜ, ಒಂದೂಕಾಲು ಒಂದೂವರೆ ಕಿಲೋ. ಗಟ್ಟಿತನ ಫಾರ್ಮಲಿನ್ ಕೊಟ್ಟದ್ದು. ಬದುಕಿದವರ ತಲೆಯಲ್ಲಿರುವ ಮಿದುಳು ತಟ್ಟೆಗೆ ಹುಯ್ದ ಹಾಲುಬಾಯಿಯಂತೆ. ಆಕಾರ ಹಿಡಿದು ನಿಂತಿರುತ್ತದೆ, ತಟ್ಟೆಯನ್ನು ಥಟ್ಟನೆ ತಿರುಗಿಸಿದರೆ ಮೈಯೆಲ್ಲ ತುಳುಕಾಡುತ್ತದೆ. ನೂರೈವತ್ತು ಮಿಲಿಲೀಟರ್‌ನಷ್ಟು ದ್ರವ, ಮೂರು ಪದರದ ಪೊರೆ, ಅದರ ಸುತ್ತ ಮೂಳೆ. ನಿಧಾನದ ಓಡಾಟಕ್ಕೆ ಈ ಏರ್ಪಾಡು ಸಾಕು. ಹಠಾತ್ ತಿರುವಿಗೆ ಸಾಲದು.

ಇದನ್ನು ಮೊದಲು ಪ್ರಯೋಗದಲ್ಲಿ ಹಿಡಿದವರು ಆಕ್ಸ್‌ಫರ್ಡಿನ ಡೆರೆಕ್ ಡೆನಿ-ಬ್ರೌನ್ ಮತ್ತು ರಿಚಿ ರಸೆಲ್. ಎರಡನೇ ಮಹಾಯುದ್ಧದ ನಡುವೆ, 1941ರಲ್ಲಿ. ಅರಿವಳಿಕೆ ಕೊಟ್ಟ ಪ್ರಾಣಿಗಳ ತಲೆಗೆ ಅಳೆದು ಪೆಟ್ಟು ಕೊಟ್ಟು ನೋಡಿದರು. ತಲೆಯನ್ನು ಅಲುಗದಂತೆ ಬಿಗಿದು ಹೊಡೆದಾಗ ಕನ್ಕಷನ್ ಆಗಲಿಲ್ಲ. ಅಷ್ಟೇ ಪೆಟ್ಟು, ತಲೆ ಸಡಿಲವಾಗಿದ್ದಾಗ ಕೊಟ್ಟರೆ ಆಯಿತು. ಅಂದರೆ ಪೆಟ್ಟಿಗಿಂತ ಮುಖ್ಯವಾದದ್ದು ತಲೆ ಎಷ್ಟು ಬೇಗ ಹೊರಟಿತು, ಎಷ್ಟು ಬೇಗ ನಿಂತಿತು ಎಂಬುದು. ತಲೆಗೆ ಏನೂ ತಾಗದೆಯೂ ಕನ್ಕಷನ್ ಆಗಬಹುದು ಎಂಬ ಮಾತು ಇಲ್ಲಿಂದಲೇ ಹೊರಡುತ್ತದೆ. ಹಿಂದಿನಿಂದ ಗುದ್ದಿದ ಕಾರಿನೊಳಗೆ ಕೂತವರ ಕುತ್ತಿಗೆ ಹಿಂದೆ ಮುಂದೆ ಚಿಮ್ಮಿದರೆ ಸಾಕು.

ಎರಡು ವರ್ಷದ ಬಳಿಕ ಅದೇ ಆಕ್ಸ್‌ಫರ್ಡಿನಲ್ಲಿ ಹಾಲ್‌ಬರ್ನ್ ಎಂಬ ಭೌತವಿಜ್ಞಾನಿ ಇನ್ನೊಂದು ಹೆಜ್ಜೆ ಮುಂದೆ ಹೋದರು. ವೈದ್ಯರಲ್ಲದವರು ಬಂದು ಕೇಳಿದ ಪ್ರಶ್ನೆಯಿಂದ ವೈದ್ಯಕೀಯ ಮುಂದೆ ಹೋದ ಉದಾಹರಣೆ ಇದು, ನನಗೆ ಈ ಕಥೆಯಲ್ಲಿ ಅತ್ಯಂತ ಇಷ್ಟವಾದ ಭಾಗವೂ ಇದೇ. ಮಿದುಳನ್ನು ಎಲ್ಲ ಕಡೆಯಿಂದ ಅಮುಕಿದರೆ ಅದು ಕುಗ್ಗುವುದಿಲ್ಲ, ನೀರು ಕುಗ್ಗದ ಹಾಗೆ. ಆದರೆ ಅದರ ಆಕಾರವನ್ನು ಓರೆ ಮಾಡುವುದು ತೀರಾ ಸುಲಭ. ಹಾಗಿದ್ದರೆ ನೇರ ಗುದ್ದಿಗಿಂತ ಗಿರಕಿ ಹೊಡೆಸುವ ಗುದ್ದೇ ಹೆಚ್ಚು ಕೆಡುಕು ಮಾಡಬೇಕು ಎಂದು ಅವರು ಲೆಕ್ಕ ಹಾಕಿದರು. ಬುರುಡೆಯಾಕಾರದ ಅಚ್ಚಿಗೆ ಜೆಲಾಟಿನ್ ತುಂಬಿ ತಿರುಗಿಸಿ, ಎಲ್ಲೆಲ್ಲಿ ಅದು ಜಗ್ಗುತ್ತದೆ ಎಂದು ನೋಡಿದರು. 1974ರಲ್ಲಿ ಒಮ್ಮಾಯ ಮತ್ತು ಜೆನರೆಲ್ಲಿ ಕೋತಿಗಳ ಮೇಲೆ ನಡೆಸಿದ ಪ್ರಯೋಗ ಈ ಲೆಕ್ಕವನ್ನು ಎತ್ತಿಹಿಡಿಯಿತು. ತಲೆಯನ್ನು ನೇರವಾಗಿ ಮಾತ್ರ ತಳ್ಳಿದಾಗ ಅವಕ್ಕೆ ಪ್ರಜ್ಞೆ ತಪ್ಪಲಿಲ್ಲ, ತಿರುವಿದಾಗ ತಪ್ಪಿತು. ಬಾಕ್ಸಿಂಗ್ ಅಖಾಡದಲ್ಲಿ ಇದು ಯಾವತ್ತಿನಿಂದಲೂ ಗೊತ್ತಿದ್ದ ವಿಷಯ. ಹಣೆಗೆ ಬಿದ್ದ ಹತ್ತು ಗುದ್ದು ತಿಂದು ನಿಂತವನು ಗದ್ದಕ್ಕೆ ಪಕ್ಕದಿಂದ ಬಿದ್ದ ಒಂದೇ ಗುದ್ದಿಗೆ ಮಲಗುತ್ತಾನೆ. ಗದ್ದ ಕುತ್ತಿಗೆಯಿಂದ ದೂರ ಇದೆ, ಅಲ್ಲಿ ಹೊಡೆದರೆ ತಲೆ ಗಿರ್ರನೆ ತಿರುಗುತ್ತದೆ.

ಹಾಗಿದ್ದರೆ ಮರಕುಟಿಗಕ್ಕೆ ಏಕೆ ಏನೂ ಆಗುವುದಿಲ್ಲ ಎಂದು ಮಕ್ಕಳು ಕೇಳುತ್ತಾರೆ. ಅದರ ಬುರುಡೆಯಲ್ಲಿ ಪೆಟ್ಟು ಹೀರುವ ಸ್ಪಂಜಿನಂಥ ಮೂಳೆಯಿದೆ ಎಂಬ ಉತ್ತರ ಬಹುಕಾಲ ಪುಸ್ತಕಗಳಲ್ಲಿತ್ತು, ಅದನ್ನು ನೆಚ್ಚಿ ಹೆಲ್ಮೆಟ್ ವಿನ್ಯಾಸ ಮಾಡಹೊರಟವರೂ ಇದ್ದಾರೆ. 2022ರಲ್ಲಿ ಬೆಲ್ಜಿಯಂನ ಆಂಟ್‌ವರ್ಪ್ ವಿಶ್ವವಿದ್ಯಾಲಯದ ತಂಡ ಅತಿವೇಗದ ಕ್ಯಾಮೆರಾದಲ್ಲಿ ಅಳೆದು ನೋಡಿತು. ಕೊಕ್ಕು ಎಷ್ಟು ಥಟ್ಟನೆ ನಿಲ್ಲುತ್ತದೋ ಬುರುಡೆಯೂ ಅಷ್ಟೇ ಥಟ್ಟನೆ ನಿಲ್ಲುತ್ತದೆ, ಹೀರುವುದು ಏನೂ ಇಲ್ಲ. ಪೆಟ್ಟು ಹೀರಿಕೊಂಡರೆ ಮರ ಕುಟ್ಟುವುದಾದರೂ ಹೇಗೆ? ಹಕ್ಕಿಯನ್ನು ಕಾಪಾಡಿದ್ದು ಅದರ ಮಿದುಳಿನ ಪುಟ್ಟ ಗಾತ್ರ. ದೊಡ್ಡ ಮಿದುಳು ಹೊತ್ತವರು ನಾವು. ಒಂದು ಅಂಚು ಹೊರಟಾಗ ಇನ್ನೊಂದು ಅಂಚು ಹಿಂದುಳಿಯುತ್ತದೆ, ನಡುವೆ ಇರುವುದೆಲ್ಲ ಜಗ್ಗುತ್ತದೆ.

ಈಗ ಹೆಲ್ಮೆಟ್ಟಿನ ಮಾತು. 1935ರಲ್ಲಿ ‘ಲಾರೆನ್ಸ್ ಆಫ್ ಅರೇಬಿಯಾ’ ಎಂದೇ ಹೆಸರಾದ ಟಿ. ಇ. ಲಾರೆನ್ಸ್ ಮೋಟಾರ್‌ಸೈಕಲ್‌ನಿಂದ ಬಿದ್ದು ಆರು ದಿನ ಪ್ರಜ್ಞೆಯಿಲ್ಲದೆ ಮಲಗಿ ತೀರಿಕೊಂಡರು. ಚಿಕಿತ್ಸೆ ಕೊಟ್ಟವರಲ್ಲಿ ಹ್ಯೂ ಕೇರ್ನ್ಸ್ ಎಂಬ ನರಶಸ್ತ್ರಚಿಕಿತ್ಸಕರಿದ್ದರು. ಆಮೇಲೆ ಯುದ್ಧ ಬಂದಾಗ ಅವರು ಬೈಕ್ ಸವಾರರ ತಲೆಪೆಟ್ಟುಗಳನ್ನು ಲೆಕ್ಕವಿಟ್ಟು ನೋಡಿ, 1941ರಲ್ಲಿ ಹೆಲ್ಮೆಟ್ ಜೀವ ಉಳಿಸುತ್ತದೆ ಎಂದು ಬರೆದರು. ಯುದ್ಧದ ನಡುವೆಯೇ ಬ್ರಿಟಿಷ್ ಸೇನೆ ತನ್ನ ಬೈಕ್ ಸವಾರರಿಗೆ ಅದನ್ನು ಕಡ್ಡಾಯ ಮಾಡಿತು. ನಮ್ಮ ರಾಜ್ಯದಲ್ಲಿ ಹಿಂದೆ ಕೂತವರಿಗೂ ಕಡ್ಡಾಯವಾದದ್ದು 2016ರ ಜನವರಿಯಲ್ಲಿ. ಹೆಲ್ಮೆಟ್ ಬುರುಡೆ ಒಡೆಯುವುದನ್ನು, ಒಳಗೆ ರಕ್ತ ಒಸರುವುದನ್ನು ಬಹುಮಟ್ಟಿಗೆ ತಡೆಯುತ್ತದೆ. ತಲೆ ತಿರುಗುವುದನ್ನು ಅಷ್ಟು ತಡೆಯಲಾರದು. ಆದ್ದರಿಂದ ಹೆಲ್ಮೆಟ್ ಹಾಕಿದ್ದವರಿಗೂ ಕನ್ಕಷನ್ ಆಗುತ್ತದೆ. ಇದನ್ನು ಓದಿ ಯಾರಾದರೂ ಹೆಲ್ಮೆಟ್ ಬಿಚ್ಚಿಟ್ಟರೆ ಅವರ ಮಿದುಳಿಗೆ ಈಗಾಗಲೇ ಏನೋ ಆಗಿದೆ ಎಂದೇ ಅರ್ಥ. ಪೊಲೀಸರ ಕಣ್ಣಿಗೆಂದು ತಲೆಯ ಮೇಲೆ ಇಟ್ಟುಕೊಳ್ಳುವ ಟೋಪಿಯಂಥ ಹಾಫ್ ಹೆಲ್ಮೆಟ್ ಮಾತ್ರ ಎರಡು ಕೆಲಸವನ್ನೂ ಮಾಡುವುದಿಲ್ಲ.

ಮಿದುಳು ಜಗ್ಗಿದಾಗ ಜಗ್ಗುವುದು ಯಾವುದು? ನರಕೋಶದ ಉದ್ದನೆಯ ಎಳೆಗಳು, ಆಕ್ಸಾನ್‌ಗಳು. ಹೆಚ್ಚಿನವು ಒಂದು ಮಿಲಿಮೀಟರಿನ ಸಾವಿರದಲ್ಲೊಂದು ಪಾಲಿನಷ್ಟು ದಪ್ಪ, ಉದ್ದ ಮಾತ್ರ ಸೆಂಟಿಮೀಟರುಗಟ್ಟಲೆ. ಅವನ್ನು ಮೆಲ್ಲಗೆ ಎಳೆದರೆ ಚೆನ್ನಾಗಿಯೇ ಹಿಗ್ಗುತ್ತವೆ. ದಿನವೂ ನಾವು ಎದ್ದು ಕೂತು ಓಡಿ ನೆಗೆದು ಮಾಡುವಾಗ ಅವು ತುಸು ಹಿಗ್ಗಿ ಕುಗ್ಗುತ್ತಲೇ ಇರುತ್ತವೆ. ಆದರೆ ಸೆಕೆಂಡಿನ ನೂರನೇ ಒಂದು ಪಾಲಿನಲ್ಲಿ ಎಳೆದರೆ ಅವೇ ಎಳೆಗಳು ಪೆಡಸಾಗಿ ವರ್ತಿಸುತ್ತವೆ. ಒಳಗೆ ಸರಕು ಸಾಗಿಸುವ ಸೂಕ್ಷ್ಮ ಕೊಳವೆಗಳು ಅಲ್ಲಲ್ಲಿ ಮುರಿಯುತ್ತವೆ. ಆಕ್ಸಾನ್ ತುಂಡಾಗಿರುವುದಿಲ್ಲ, ಸಾಗಣೆ ಮಾತ್ರ ಅಲ್ಲಿ ನಿಲ್ಲುತ್ತದೆ. ಜೀವಕೋಶದಿಂದ ಹೊರಟ ಪ್ರೋಟೀನುಗಳು ಆ ಜಾಗದಲ್ಲಿ ಪೇರಿಕೊಂಡು ಎಳೆ ಅಲ್ಲಲ್ಲಿ ಊದಿಕೊಳ್ಳುತ್ತದೆ. ಇದಕ್ಕೆ ಗಂಟೆಗಳು ಬೇಕು, ಕೆಲವೊಮ್ಮೆ ದಿನಗಳು. ಪೆಟ್ಟು ಬಿದ್ದ ಗಳಿಗೆಯಲ್ಲಿ ಎಲ್ಲ ಮುಗಿದುಹೋಗಿರುತ್ತದೆ ಎಂಬ ನಮ್ಮ ಊಹೆ ಇಲ್ಲಿ ಕೆಲಸಕ್ಕೆ ಬರುವುದಿಲ್ಲ.

ಇನ್ನೊಂದು ಗಲಾಟೆ ಕೋಶದ ಪೊರೆಯಲ್ಲಿ. ಆರೋಗ್ಯವಂತ ನರಕೋಶದಲ್ಲಿ ಪೊಟ್ಯಾಸಿಯಂ ಒಳಗೆ, ಸೋಡಿಯಂ ಮತ್ತು ಕ್ಯಾಲ್ಸಿಯಂ ಹೊರಗೆ. ಈ ಅಂತರವಿದ್ದರೆ ಮಾತ್ರ ನರಸಂಕೇತ ಹುಟ್ಟುತ್ತದೆ. ಪೊರೆ ಜಗ್ಗಿದ ಕೂಡಲೇ ಅದರ ಬಾಗಿಲುಗಳು ತೆರೆದುಕೊಂಡು ಪೊಟ್ಯಾಸಿಯಂ ಹೊರಗೆ ನುಗ್ಗುತ್ತದೆ, ಕ್ಯಾಲ್ಸಿಯಂ ಒಳಗೆ. ಗ್ಲುಟಮೇಟ್ ಎಂಬ ರಾಸಾಯನಿಕ ಬೇಕಾಬಿಟ್ಟಿ ಬಿಡುಗಡೆಯಾಗಿ ಪಕ್ಕದ ಕೋಶಗಳನ್ನೂ ಕೆರಳಿಸುತ್ತದೆ. ಎಲ್ಲವನ್ನೂ ಮೊದಲಿನ ಜಾಗಕ್ಕೆ ತರಲು ಪೊರೆಯಲ್ಲಿರುವ ಪಂಪುಗಳು ಒಂದೇ ಸಮನೆ ದುಡಿಯುತ್ತವೆ, ದುಡಿಯಲು ಗ್ಲುಕೋಸ್ ಸುಡಬೇಕು. ಮೈತೂಕದ ನೂರಕ್ಕೆ ಎರಡು ಪಾಲಿನಷ್ಟಿರುವ ಮಿದುಳು ಸುಮ್ಮನಿದ್ದಾಗಲೇ ದೇಹದ ಶಕ್ತಿಯಲ್ಲಿ ಐದನೇ ಒಂದು ಪಾಲು ತಿನ್ನುತ್ತದೆ. ಈಗ ಅದಕ್ಕೂ ಹೆಚ್ಚು ಬೇಕು. ಸರಿಯಾಗಿ ಆಗಲೇ ಮಿದುಳಿಗೆ ಹರಿಯುವ ರಕ್ತ ಕಡಿಮೆಯಾಗುತ್ತದೆ. ಬೇಡಿಕೆ ಏರಿದೆ, ಪೂರೈಕೆ ಇಳಿದಿದೆ. ಒಳಗೆ ನುಗ್ಗಿದ ಕ್ಯಾಲ್ಸಿಯಂ ಕೋಶದ ಶಕ್ತಿ ಉತ್ಪಾದಕಗಳಾದ ಮೈಟೊಕಾಂಡ್ರಿಯಾಗಳೊಳಗೆ ತುಂಬಿಕೊಂಡು ಅವನ್ನೂ ಮಂದಗೊಳಿಸುತ್ತದೆ.

ಈ ಸರಣಿಯನ್ನು ಒಂದೆಡೆ ಜೋಡಿಸಿ ಬರೆದವರು ಲಾಸ್ ಏಂಜಲಿಸ್‌ನ ಕ್ರಿಸ್ಟಫರ್ ಗಿಜಾ ಮತ್ತು ಡೇವಿಡ್ ಹೊವ್ಡಾ, 2001ರಲ್ಲಿ. ಹೆಚ್ಚಿನ ಆಧಾರ ಇಲಿಗಳದ್ದು. ಮೊದಲು ಗ್ಲುಕೋಸ್ ಬಳಕೆ ಹುಚ್ಚೆದ್ದು ಏರುತ್ತದೆ, ಆಮೇಲೆ ಇಳಿದು ವಾರದ ಆಸುಪಾಸು ಕೆಳಗೇ ಇರುತ್ತದೆ. ಇಲಿಯ ವಾರ ಮನುಷ್ಯರಲ್ಲಿ ಎಷ್ಟು ದಿನವಾಗುತ್ತದೆ ಎಂಬುದು ವ್ಯಕ್ತಿಯಿಂದ ವ್ಯಕ್ತಿಗೆ ಬೇರೆ. ಸ್ಮಿತ್ ಅವರ ಆ ರಾತ್ರಿಗೆ ಇದಕ್ಕಿಂತ ಒಳ್ಳೆಯ ವಿವರಣೆ ಸದ್ಯಕ್ಕಿಲ್ಲ. ಹೊರಗೆ ಊತವಿಲ್ಲ, ರಕ್ತವಿಲ್ಲ, ಒಳಗೆ ಕೋಟ್ಯಂತರ ಪಂಪುಗಳು ಸಾಲದ ಇಂಧನದಲ್ಲಿ ದುಡಿಯುತ್ತಿವೆ. ಬೆಳಕು ಚುಚ್ಚುವುದು, ಓದಿದ್ದು ತಲೆಗೆ ಹತ್ತದಿರುವುದು, ಸಣ್ಣ ಮಾತಿಗೆ ಸಿಡುಕು, ನಿದ್ದೆಯ ಏರುಪೇರು, ಇವೆಲ್ಲ ಶಕ್ತಿ ಸಾಲದ ಮಿದುಳಿನ ಲಕ್ಷಣಗಳು. ಅದೇ ಸಮಯದಲ್ಲಿ ಇನ್ನೊಂದು ಪೆಟ್ಟು ಬಿದ್ದರೆ ತಡೆದುಕೊಳ್ಳುವ ಬಲ ಅದಕ್ಕಿರುವುದಿಲ್ಲ. ಪೆಟ್ಟಾದ ಆಟಗಾರನನ್ನು ಅದೇ ದಿನ ಮತ್ತೆ ಇಳಿಸಬಾರದು ಎಂಬ ನಿಯಮದ ಬೇರು ಇಲ್ಲಿದೆ.

ಆದರೆ ಪೆಟ್ಟಾಗಿದೆ ಎಂದು ಹೇಳಬೇಕಾದವರು ಯಾರು? ಕಾಲು ಉಳುಕಿದರೆ ಮಿದುಳು ಹೇಳುತ್ತದೆ. ಮಿದುಳಿಗೇ ಪೆಟ್ಟಾದರೆ ವರದಿ ಒಪ್ಪಿಸಬೇಕಾದ ಅಂಗವೇ ಕೆಟ್ಟಿರುತ್ತದೆ. 1970ರ ದಶಕದ ಆರಂಭದಲ್ಲಿ ಅಮೆರಿಕದ ಯಾರ್ನೆಲ್ ಮತ್ತು ಲಿಂಚ್ ಎಂಬಿಬ್ಬರು ಫುಟ್‌ಬಾಲ್ ಮೈದಾನದ ಅಂಚಿನಲ್ಲೇ ನಿಂತು, ತಲೆಗೆ ಪೆಟ್ಟು ತಿಂದು ಬಂದವರನ್ನು ತಕ್ಷಣ ಮಾತಾಡಿಸಿದರು. ಏನಾಯಿತು ಎಂದರೆ ಆಟಗಾರರು ಸರಿಯಾಗಿ ಹೇಳಿದರು. ಯಾರು ಗುದ್ದಿದ್ದು, ತಂಡ ಆಗ ಯಾವ ತಂತ್ರ ಹೂಡಿತ್ತು, ಎಲ್ಲ. ಕೆಲವು ನಿಮಿಷ ಬಿಟ್ಟು ಅದನ್ನೇ ಕೇಳಿದರೆ ಅದೇ ಆಟಗಾರರಿಗೆ ಏನೂ ನೆನಪಿರಲಿಲ್ಲ. ನೆನಪು ಮೂಡಿತ್ತು, ಬೇರು ಬಿಡುವ ಮೊದಲೇ ಅಳಿಸಿಹೋಗಿತ್ತು. ‘ಈಗಷ್ಟೇ ಎಲ್ಲ ಸರಿಯಾಗಿ ಹೇಳಿದನಲ್ಲ’ ಎಂದು ಜತೆಗಿದ್ದವರು ಸಮಾಧಾನಪಟ್ಟುಕೊಳ್ಳುವುದು ಎಷ್ಟು ಅಪಾಯವೆಂದು ಯೋಚಿಸಿ.

ಬೈಕಿನಿಂದ ಬಿದ್ದವರ ಸುತ್ತ ಜನ ಸೇರಿದಾಗ ಮೊದಲ ಪ್ರಶ್ನೆ ‘ಹೆಸರೇನಪ್ಪ? ಯಾವೂರು?’ ಹೆಸರು ಊರು ಹೇಳಿದರೆ ನೀರು ಕುಡಿಸಿ ಕಳಿಸುತ್ತಾರೆ. 1995ರಲ್ಲಿ ಆಸ್ಟ್ರೇಲಿಯಾದ ಡೇವಿಡ್ ಮ್ಯಾಡಕ್ಸ್ ಮತ್ತು ಸಂಗಡಿಗರು ಅಲ್ಲಿನ ಫುಟ್‌ಬಾಲ್ ಆಟಗಾರರಲ್ಲಿ ಪರೀಕ್ಷಿಸಿ ನೋಡಿದಾಗ, ಕನ್ಕಷನ್ ಆದವರೂ ಇಂಥ ಪ್ರಶ್ನೆಗಳಿಗೆ ಸಲೀಸಾಗಿ ಉತ್ತರಿಸುತ್ತಿದ್ದರು. ಹುಟ್ಟಿದ ಲಾಗಾಯ್ತಿನಿಂದ ಹೇಳಿಕೊಂಡು ಬಂದ ಹೆಸರು ಅಷ್ಟು ಬೇಗ ಅಳಿಸುವುದಿಲ್ಲ. ಅವರು ತಡವರಿಸಿದ್ದು ಹತ್ತಿರದ ನೆನಪಿನಲ್ಲಿ: ಇವತ್ತು ಯಾವ ಮೈದಾನದಲ್ಲಿದ್ದೀರಿ, ಕೊನೆಯ ಗೋಲು ಯಾರದು, ಹೋದ ವಾರ ಯಾರ ಮೇಲೆ ಆಡಿದಿರಿ, ಗೆದ್ದಿರಾ? ಇಂದು ಆಟದ ಮೈದಾನಗಳಲ್ಲಿ ಬಳಸುವ ಕನ್ಕಷನ್ ಪರೀಕ್ಷೆಯೊಳಗೆ ಈ ಪ್ರಶ್ನೆಗಳೂ ಸೇರಿವೆ. ಬೈಕ್ ಸವಾರನಿಗೆ ಕೇಳಬೇಕಾದದ್ದು ಊರಿನ ಹೆಸರಲ್ಲ. ಎಲ್ಲಿಗೆ ಹೊರಟಿದ್ದೆ, ಬೆಳಗ್ಗೆ ಏನು ತಿಂದೆ, ಯಾವ ರಸ್ತೆಯಲ್ಲಿ ಬಂದೆ ಎಂದು ಕೇಳಬೇಕು, ಕಾಲು ಗಂಟೆ ಬಿಟ್ಟು ಮತ್ತೆ ಕೇಳಬೇಕು.

ನಮ್ಮಲ್ಲಿ ಈ ಪ್ರಶ್ನೆ ರಸ್ತೆಯ ಮೇಲೇ ಹೆಚ್ಚು ಏಳುತ್ತದೆ. ನಿಮ್ಹಾನ್ಸ್‌ನ ಜಿ. ಗುರುರಾಜ್ 2002ರಲ್ಲಿ ಕೊಟ್ಟ ಅಂದಾಜಿನಂತೆ ಭಾರತದ ತಲೆಪೆಟ್ಟುಗಳಲ್ಲಿ ನೂರಕ್ಕೆ ಸುಮಾರು 60 ರಸ್ತೆ ಅಪಘಾತದವು, 20ರಿಂದ 25 ಬಿದ್ದು ಆದವು. ಪಶ್ಚಿಮದ ಪುಸ್ತಕಗಳಲ್ಲಿ ಕನ್ಕಷನ್ ಎಂದರೆ ಕ್ರೀಡೆ. ಇಲ್ಲಿ ಅದು ಸ್ಕೂಟರು, ರೋಡ್ ಹಂಪು, ಬಚ್ಚಲ ಜಾರು.

ಆಸ್ಪತ್ರೆಗೆ ಹೋದರೆ ಸಿಟಿ ಸ್ಕ್ಯಾನ್ ಆಗುತ್ತದೆ. ರಿಪೋರ್ಟು ನಾರ್ಮಲ್ ಬಂದರೆ ಮನೆಯವರು ನಿಟ್ಟುಸಿರು ಬಿಡುತ್ತಾರೆ, ಬಿಡಬೇಕಾದದ್ದೇ. ಏಕೆಂದರೆ ಸ್ಕ್ಯಾನ್ ಮಾಡಿದ್ದು ಕನ್ಕಷನ್ ಹುಡುಕಲಿಕ್ಕಲ್ಲ, ರಕ್ತ ಹುಡುಕಲಿಕ್ಕೆ. 2009ರ ಮಾರ್ಚಿನಲ್ಲಿ ನಟಿ ನತಾಶಾ ರಿಚರ್ಡ್‌ಸನ್ ಕೆನಡಾದಲ್ಲಿ ಹೊಸಬರು ಸ್ಕೀ ಕಲಿಯುವ ಇಳಿಜಾರಿನಲ್ಲಿ ಬಿದ್ದರು. ಎದ್ದು ನಗುನಗುತ್ತ ಮಾತಾಡಿದರು, ವೈದ್ಯರು ಬೇಡವೆಂದರು. ಎರಡು ದಿನದಲ್ಲಿ ಇಲ್ಲವಾದರು. ಬುರುಡೆಗೂ ಹೊರಪೊರೆಗೂ ನಡುವೆ ರಕ್ತ ತುಂಬಿಕೊಂಡು ಮಿದುಳನ್ನು ಅಮುಕಿತ್ತು. ಸಕಾಲಕ್ಕೆ ಸಿಕ್ಕಿದರೆ ಶಸ್ತ್ರಚಿಕಿತ್ಸೆಯಿಂದ ಉಳಿಸಬಹುದಾದ ಸ್ಥಿತಿ ಅದು, ಆದ್ದರಿಂದಲೇ ವೈದ್ಯರಿಗೆ ಅದರ ಭಯ. 1962ರಲ್ಲಿ ಬಾರ್ಬಡೋಸ್‌ನಲ್ಲಿ ಚಾರ್ಲಿ ಗ್ರಿಫಿತ್ ಎಸೆತ ತಾಗಿ ನಮ್ಮ ನಾಯಕ ನಾರಿ ಕಂಟ್ರಾಕ್ಟರ್ ಅವರ ಬುರುಡೆ ಬಿರಿದದ್ದು, ಫ್ರಾಂಕ್ ವೊರೆಲ್ ರಕ್ತ ಕೊಟ್ಟದ್ದು, ಶಸ್ತ್ರಚಿಕಿತ್ಸೆಯಿಂದ ಬದುಕಿದರೂ ಅವರು ಮತ್ತೆ ಟೆಸ್ಟ್ ಆಡದೇಹೋದದ್ದು ಕ್ರಿಕೆಟ್ ಬಲ್ಲವರಿಗೆಲ್ಲ ಗೊತ್ತು. 2014ರಲ್ಲಿ ಫಿಲಿಪ್ ಹ್ಯೂಸ್ ಸಾವಿಗೆ ಕಾರಣ ಕುತ್ತಿಗೆಯ ರಕ್ತನಾಳ ಹರಿದದ್ದು. ಇವು ಯಾವುವೂ ಬರೀ ಕನ್ಕಷನ್ ಅಲ್ಲ. ಪದೇಪದೇ ವಾಂತಿ, ಏರುತ್ತಲೇ ಹೋಗುವ ತಲೆನೋವು, ಒಂದು ಕಣ್ಣಿನ ಪಾಪೆ ಹಿಗ್ಗುವುದು, ಕೈಕಾಲಿನಲ್ಲಿ ಬಲವಿಲ್ಲದಿರುವುದು, ಫಿಟ್ಸ್, ಮೂಗು ಕಿವಿಯಿಂದ ತಿಳಿನೀರು, ಎಬ್ಬಿಸಿದರೂ ಏಳದ ಮಂಪರು, ಇವುಗಳಲ್ಲಿ ಒಂದು ಕಂಡರೂ ತಡಮಾಡದೆ ಆಸ್ಪತ್ರೆ. ರಕ್ತ ತೆಳುವಾಗಿಸುವ ಮಾತ್ರೆ ನುಂಗುವ ಹಿರಿಯರು ಬಿದ್ದರಂತೂ ಲಕ್ಷಣಕ್ಕೆ ಕಾಯುವುದೂ ಬೇಡ.

ತಲೆಗೆ ಪೆಟ್ಟಾದವರನ್ನು ಮಲಗಗೊಡಬಾರದು ಎಂದು ಮನೆಯ ಹಿರಿಯರು ಹೇಳುವುದೂ ಇದೇ ರಕ್ತದ ಭಯದಿಂದ. ಸ್ಕ್ಯಾನ್ ಎಂಬುದೇ ಇಲ್ಲದ ಕಾಲದಲ್ಲಿ ಎಚ್ಚರವಾಗಿದ್ದಾರೋ ಇಲ್ಲವೋ ಎಂಬುದೊಂದೇ ಪರೀಕ್ಷೆ. ವೈದ್ಯರು ನೋಡಿ ಅಪಾಯವಿಲ್ಲ ಎಂದಮೇಲೂ ರಾತ್ರಿಯಿಡೀ ಕೂರಿಸಿಡುವುದು ಮಾತ್ರ ತಪ್ಪು. ದಣಿದ ಮಿದುಳಿಗೆ ನಿದ್ದೆ ಬೇಕು.

ಸಿಟಿ ಸ್ಕ್ಯಾನ್‌ನಲ್ಲಿ ಕಾಣುವ ಅತಿ ಚಿಕ್ಕ ಚುಕ್ಕೆಗಿಂತ ಆಕ್ಸಾನ್ ನೂರಾರು ಪಟ್ಟು ತೆಳು. ಪೊಟ್ಯಾಸಿಯಂ ಎತ್ತ ಹರಿಯಿತೆಂದು ಅದಕ್ಕೆ ಗೊತ್ತಾಗುವ ಮಾತೇ ಇಲ್ಲ. 2018ರಲ್ಲಿ ಅಮೆರಿಕದ ಎಫ್‌ಡಿಎ ತಲೆಪೆಟ್ಟಿಗೆ ಮೊದಲ ರಕ್ತಪರೀಕ್ಷೆಯನ್ನು ಒಪ್ಪಿದಾಗ ‘ಕನ್ಕಷನ್ ಪತ್ತೆಗೆ ರಕ್ತಪರೀಕ್ಷೆ’ ಎಂದು ಸುದ್ದಿಯಾಯಿತು. ಆ ಪರೀಕ್ಷೆ ಹೇಳುವುದು ಸಿಟಿ ಸ್ಕ್ಯಾನ್ ಬೇಕೇ ಬೇಡವೇ ಎಂದು, ಅಷ್ಟೇ. ಕನ್ಕಷನ್ ಆಗಿದೆಯೆಂದು ತೀರ್ಮಾನಿಸುವುದು ಇಂದಿಗೂ ಪೆಟ್ಟಿನ ಕಥೆ ಕೇಳಿ, ಲಕ್ಷಣ ಕೇಳಿ, ನೆನಪು ಮತ್ತು ಸಮತೋಲ ಪರೀಕ್ಷಿಸಿ.

ಕಾಣದ ಪೆಟ್ಟಿಗೆ ಹೆಸರಿಡುವುದರಲ್ಲೇ ಜಗಳವಿದೆ. ಮೊದಲ ಮಹಾಯುದ್ಧದಲ್ಲಿ ಶೆಲ್ ಸಿಡಿದ ಜಾಗದಿಂದ ಮೈಮೇಲೆ ಗಾಯವಿಲ್ಲದೆ ಬಂದ ಸೈನಿಕರು ನಡುಗುತ್ತಿದ್ದರು, ಮರೆಯುತ್ತಿದ್ದರು, ಮೂಗರಾಗುತ್ತಿದ್ದರು. 1915ರಲ್ಲಿ ಚಾರ್ಲ್ಸ್ ಮೈಯರ್ಸ್ ‘ಶೆಲ್ ಶಾಕ್’ ಎಂದು ಬರೆದರು. ಸ್ಫೋಟದ ಅಲೆ ಮಿದುಳನ್ನು ಅಲುಗಿಸಿದೆಯೋ, ಭಯ ಮನಸ್ಸನ್ನು ಮುರಿದಿದೆಯೋ? ಮೊದಲನೆಯದಾದರೆ ಗಾಯಾಳು, ಗೌರವ, ಪಿಂಚಣಿ. ಎರಡನೆಯದಾದರೆ ಹೇಡಿಯೆಂಬ ಶಂಕೆ. ಕೊನೆಗೆ ಬ್ರಿಟಿಷ್ ಸೇನೆ ಆ ಪದವನ್ನೇ ದೂರವಿಟ್ಟು, ಇನ್ನೂ ರೋಗ ನಿರ್ಧಾರವಾಗದ ನರದ ತೊಂದರೆ ಎಂಬರ್ಥದ ಚೀಟಿ ಅಂಟಿಸತೊಡಗಿತು. ಕೇಳಿದವರಿಗೆ ಏನೂ ತಿಳಿಯದಂತೆ ಹೇಳುವ ಕಲೆ ಸರ್ಕಾರಿ ಕಡತಗಳಿಗೆ ಎಲ್ಲ ಕಾಲದಲ್ಲೂ ಒಲಿದಿದೆ.

ಹೆಸರು ಬರೀ ಹೆಸರಲ್ಲ ಎನ್ನಲು ಕೆನಡಾದ ಮ್ಯಾಕ್‌ಮಾಸ್ಟರ್ ವಿಶ್ವವಿದ್ಯಾಲಯದ ಕ್ಯಾರಲ್ ಡಿಮ್ಯಾಟಿಯೊ ಮತ್ತು ಜತೆಗಾರರ 2010ರ ಅಧ್ಯಯನ ಸಾಕು. ತಲೆಗೆ ಪೆಟ್ಟಾಗಿ ಆಸ್ಪತ್ರೆ ಸೇರಿದ ಮಕ್ಕಳಲ್ಲಿ, ದಾಖಲೆಯಲ್ಲಿ ‘ಕನ್ಕಷನ್’ ಎಂದು ಬರೆಸಿಕೊಂಡವರು ಉಳಿದವರಿಗಿಂತ ಬೇಗ ಮನೆಗೆ ಹೋದರು, ಬೇಗ ಶಾಲೆಗೂ ಮರಳಿದರು. ಕನ್ಕಷನ್ ಎಂದರೆ ಮಿದುಳಿಗೆ ಪೆಟ್ಟಾಗಿಲ್ಲ ಎಂದೇ ತಂದೆತಾಯಿ ತಿಳಿದಿರಬೇಕು ಎಂಬುದು ಅಧ್ಯಯನ ಮಾಡಿದವರ ಊಹೆ. ವೈದ್ಯರ ಪರಿಭಾಷೆಯಲ್ಲಿ ಇದು ‘ಲಘು’ ಮಿದುಳುಪೆಟ್ಟು: ಪ್ರಜ್ಞೆ ತಪ್ಪಿದರೂ ಅರ್ಧ ಗಂಟೆಯೊಳಗೆ, ನೆನಪಿನ ಗೊಂದಲ 24 ಗಂಟೆಯೊಳಗೆ, ಪ್ರಜ್ಞೆಯ ಮಟ್ಟ ಹೇಳುವ ಗ್ಲಾಸ್ಗೋ ಅಳತೆಯ 15ರಲ್ಲಿ 13ಕ್ಕೆ ಕಡಿಮೆಯಿಲ್ಲ. ಕೋಮಾ ವಾರ್ಡಿನ ಪಕ್ಕದಲ್ಲಿಟ್ಟು ನೋಡಿದರೆ ಲಘುವೇ. ಎರಡು ತಿಂಗಳಿಂದ ಲೆಕ್ಕದ ಪುಸ್ತಕ ತೆರೆದರೆ ತಲೆ ಸುತ್ತುವ ಅಂಗಡಿಯವರಿಗೆ ಆ ಪದ ಅಣಕದಂತೆ ಕೇಳುತ್ತದೆ.

ಹೆಚ್ಚಿನವರು ಗುಣವಾಗುತ್ತಾರೆ. ದೊಡ್ಡವರು ಸಾಮಾನ್ಯವಾಗಿ ಎರಡು ವಾರದಲ್ಲಿ, ಮಕ್ಕಳು ನಾಲ್ಕು ವಾರದಲ್ಲಿ. ಕತ್ತಲ ಕೋಣೆಯಲ್ಲಿ ವಾರಗಟ್ಟಲೆ ಮಲಗಿಸುವ ಪದ್ಧತಿಯನ್ನು ಈಗ ಕೈಬಿಟ್ಟಿದ್ದಾರೆ. 2015ರಲ್ಲಿ ಅಮೆರಿಕದಲ್ಲಿ ಕೆಲವು ಹದಿಹರೆಯದವರಿಗೆ ಐದು ದಿನ ಕಟ್ಟುನಿಟ್ಟಿನ ವಿಶ್ರಾಂತಿ, ಉಳಿದವರಿಗೆ ಒಂದೆರಡು ದಿನದ್ದು ಎಂದು ಪಾಲು ಮಾಡಿ ನೋಡಿದರು. ಐದು ದಿನ ಮಲಗಿದವರೇ ಹೆಚ್ಚು ಲಕ್ಷಣ ಹೇಳಿಕೊಂಡರು. ಈಗಿನ ಸಲಹೆ: ಮೊದಲ 24ರಿಂದ 48 ಗಂಟೆ ಹಗುರವಾಗಿರಿ, ಮೊಬೈಲ್ ದೂರವಿಡಿ, ಆಮೇಲೆ ನಡಿಗೆಯಿಂದ ಶುರುಮಾಡಿ. ತಲೆನೋವು ಜೋರಾದರೆ ಒಂದು ಹೆಜ್ಜೆ ಹಿಂದೆ. ಬೈಕು, ಮರ ಹತ್ತುವ ಕೆಲಸ, ಕಬಡ್ಡಿ ಕೊನೆಗೆ.

ಮೇಲಿಂದ ಮೇಲೆ ಆದರೆ ಕಥೆ ಬೇರೆ. ಆಸ್ಟ್ರೇಲಿಯಾದ ಪ್ರತಿಭಾವಂತ ಬ್ಯಾಟರ್ ವಿಲ್ ಪುಕೋವ್‌ಸ್ಕಿ ಒಂದಾದ ಮೇಲೊಂದು ಕನ್ಕಷನ್ ಅನುಭವಿಸಿ, 2025ರಲ್ಲಿ, 27ರ ಹರೆಯದಲ್ಲೇ ಆಟ ಬಿಟ್ಟರು. ಆಡಿದ್ದು ಒಂದೇ ಟೆಸ್ಟ್. ವರ್ಷಗಟ್ಟಲೆ ತಲೆಗೆ ಗುದ್ದು ತಿಂದ ಬಾಕ್ಸರುಗಳು ಕುಡಿದವರಂತೆ ತೂರಾಡುವುದನ್ನು ಹ್ಯಾರಿಸನ್ ಮಾರ್ಟ್‌ಲ್ಯಾಂಡ್ 1928ರಲ್ಲೇ ಬರೆದಿದ್ದರು. 2002ರಲ್ಲಿ ಪಿಟ್ಸ್‌ಬರ್ಗಿನ ಶವಪರೀಕ್ಷಕ ಬೆನೆಟ್ ಒಮಾಲು, ಅಮೆರಿಕನ್ ಫುಟ್‌ಬಾಲ್ ತಾರೆ ಮೈಕ್ ವೆಬ್‌ಸ್ಟರ್ ಅವರ ಮಿದುಳಿನಲ್ಲಿ ಅಂಥದೇ ಹಾನಿ ಕಂಡರು. ಅದು ಸಿಟಿಇ ಎಂಬ ಬೇರೆಯೇ ಕಾಯಿಲೆ. ಅದನ್ನು ಖಚಿತವಾಗಿ ಹೇಳಲು ಇಂದಿಗೂ ಸತ್ತ ಮೇಲೆ ಮಿದುಳನ್ನು ಕೊಯ್ದು ನೋಡಬೇಕು. ಒಮಾಲು ಕಥೆಯನ್ನೇ ವಿಲ್ ಸ್ಮಿತ್ ನಟಿಸಿದ 2015ರ ಸಿನಿಮಾ ಹೇಳುತ್ತದೆ. ಅದಕ್ಕೆ ‘ಕನ್ಕಷನ್’ ಎಂದು ಹೆಸರಿಟ್ಟು ನಿರ್ಮಾಪಕರು ಒಂದು ಗೊಂದಲವನ್ನು ಜಗತ್ತಿಗೆಲ್ಲ ಹಂಚಿದರು. ಒಂದು ಸಲ ಬೈಕಿನಿಂದ ಬಿದ್ದವರು ಆ ಚಿತ್ರ ನೋಡಿ ಹೆದರಬೇಕಿಲ್ಲ. ಸಿಟಿಇ ನಂಟು ಸಾವಿರಾರು ಗುದ್ದುಗಳೊಂದಿಗೆ, ಅವುಗಳಲ್ಲಿ ಹೆಚ್ಚಿನವು ಕನ್ಕಷನ್ ಕೂಡ ಅಲ್ಲದ ಸಣ್ಣ ಗುದ್ದುಗಳು.

ಪದವನ್ನೇ ಬಿಟ್ಟುಬಿಡೋಣ, ಎಲ್ಲವನ್ನೂ ಲಘು ಮಿದುಳುಪೆಟ್ಟು ಎಂದೇ ಕರೆಯೋಣ ಎಂದು ವಾದಿಸಿದವರಿದ್ದಾರೆ. ಅಮೆರಿಕದ ಪುನಶ್ಚೇತನ ವೈದ್ಯಕೀಯ ತಜ್ಞರ ಒಕ್ಕೂಟ 1993ರಲ್ಲಿ ಬರೆದ ತನ್ನ ವ್ಯಾಖ್ಯೆಯನ್ನು 2023ರಲ್ಲಿ ತಿದ್ದಿ ಬರೆದಾಗ ಒಂದು ರಾಜಿಗೆ ಬಂತು. ಲಘು ಮಿದುಳುಪೆಟ್ಟು ಎಂಬುದೇ ಮುಖ್ಯ ಹೆಸರು. ಅದರ ಬದಲಿಗೆ ‘ಕನ್ಕಷನ್’ ಎಂದೂ ಹೇಳಬಹುದು, ಆದರೆ ಸ್ಕ್ಯಾನ್ ನಾರ್ಮಲ್ ಇದ್ದಾಗ, ಇಲ್ಲವೇ ಸ್ಕ್ಯಾನ್ ಮಾಡುವ ಅಗತ್ಯವೇ ಕಾಣದಿದ್ದಾಗ ಮಾತ್ರ. ಸ್ಕ್ಯಾನ್‌ನಲ್ಲಿ ಚೂರು ರಕ್ತ ಕಂಡರೂ ಆ ಮಾತು ಬಳಸುವಂತಿಲ್ಲ. ‘ರಿಪೋರ್ಟು ನಾರ್ಮಲ್, ಏನೂ ಆಗಿಲ್ಲ’ ಎಂದು ಕಾರಿಡಾರಿನಲ್ಲಿ ನಿಂತು ಫೋನ್ ಮಾಡುವ ನೆಂಟರು ಹೇಳುತ್ತಿರುವುದರಲ್ಲಿ ಮೊದಲರ್ಧ ಈಗ ರೋಗದ ವ್ಯಾಖ್ಯೆಯೊಳಗೇ ಸೇರಿಕೊಂಡಿದೆ.